ಕಾರಿಲ್ಲದವರ ಮೊದಲ ಮನೆ

ಪ್ರಶ್ನೆ: ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಓದು ಮುಗಿಸಿ, ನಗರದ ನಡುಭಾಗದಲ್ಲೇ ಕೆಲಸಕ್ಕೆ ಸೇರುತ್ತಿದ್ದೇನೆ. ಕಾರಿಲ್ಲ. ನಗರಕ್ಕೆ ಅಂಟಿಕೊಂಡ ಯಾವ ಊರಿನಲ್ಲಿ ಮನೆ ಮಾಡಲಿ? ಕೊಳ್ಳುವುದು ಜಾಣತನವೇ?

ಉತ್ತರ: ಮೊದಲ ಕೆಲಸಕ್ಕೆ ಅಭಿನಂದನೆಗಳು. ಕಾರಿಲ್ಲದ ನಿಮಗೆ ಮನೆಯ ಅಂದಕ್ಕಿಂತ ಓಡಾಟದ ಅನುಕೂಲ ಮುಖ್ಯ. ಶೇಕರ್ ಹೈಟ್ಸ್‌ನಿಂದ ನೀಲಿ, ಹಸಿರು ಮಾರ್ಗದ ರೈಲುಗಳು ನಗರ ಮಧ್ಯದ ಟವರ್ ಸಿಟಿಗೆ ನೇರವಾಗಿ ಹೋಗುತ್ತವೆ. ಕಚೇರಿ ಅದರ ಹತ್ತಿರವಿದ್ದರೆ ಇದೇ ಸುಲಭ. ಈರಿ ಸರೋವರದ ದಡದ ಲೇಕ್‌ವುಡ್‌ಗೆ ಹೆಚ್ಚಾಗಿ ಬಸ್ಸೇ ಗತಿ. ಆದರೆ ಅಂಗಡಿ, ಹೋಟೆಲು, ಗ್ರಂಥಾಲಯಕ್ಕೆಲ್ಲ ನಡೆದೇ ಹೋಗಬಹುದು. ಅಲ್ಲಿ ಮಹಡಿಗೊಂದು ಸಂಸಾರವಿರುವ ಹಳೆಯ ‘ಡಬಲ್’ ಮನೆಗಳು ಬಹಳ. ಒಂಟಿಯಾಗಿರುವವರಿಗೆ ಆ ಊರಿನ ಜನಸಂದಣಿಯೇ ಒಂದು ಧೈರ್ಯ.

ಈಗಲೇ ಕೊಳ್ಳಬೇಡಿ. ವೀಸಾ, ಕೆಲಸ ಎರಡೂ ಗಟ್ಟಿಯಾಗುವವರೆಗೆ ಬಾಡಿಗೆ ಮನೆಯೇ ಕ್ಷೇಮ. ಶೇಕರ್ ಹೈಟ್ಸ್‌ನ ಆಸ್ತಿ ತೆರಿಗೆಯೂ ಭಾರಿ. ಬಾಡಿಗೆಗೆ ಹಿಡಿಯುವಾಗ ಚಳಿಗಾಲದ ಹೀಟಿಂಗ್ ಬಿಲ್ಲು ಯಾರ ಪಾಲು ಎಂದು ಕೇಳಿ, ಕರಾರಿನಲ್ಲಿ ಬರೆಸಿ. 1978ಕ್ಕಿಂತ ಹಿಂದೆ ಕಟ್ಟಿದ ಮನೆಯಾದರೆ, ಸೀಸದ ಬಣ್ಣದ ಬಗ್ಗೆ ಗೊತ್ತಿರುವುದನ್ನು ಮಾಲೀಕರು ಮೊದಲೇ ತಿಳಿಸಬೇಕೆಂಬ ಕಾನೂನಿದೆ. ಆ ಕಾಗದ ಕೇಳಿ ಪಡೆಯಿರಿ.

ಸಹಿ ಹಾಕುವ ಮುನ್ನ, ಕಚೇರಿ ಸಮಯಕ್ಕೆ ಆ ಮನೆಯ ಬಾಗಿಲಿನಿಂದ ಹೊರಟು ಕೆಲಸದ ಜಾಗದವರೆಗೆ ಒಮ್ಮೆ ಪ್ರಯಾಣ ಮಾಡಿ ನೋಡಿ. ಅದು ಸಲೀಸೆನಿಸಿದರೆ ಮುಂದುವರಿಯಿರಿ.