ಕಡಲಾಚೆಯಿಂದ ಬರುವ ರೇಡಿಯೋ

1935ನೆಯ ಇಸವಿಯ ಸೆಪ್ಟೆಂಬರ್ 10ರಂದು ಮೈಸೂರಿನ ಒಂದು ಮನೆಯಿಂದ ಮಾನವಧ್ವನಿ ಬಾನನ್ನೇರಿತು. ಆ ಮನೆಯ ಹೆಸರು ‘ವಿಠ್ಠಲ ವಿಹಾರ’. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಅಲ್ಲಿ ನೆಲೆಗೊಳಿಸಿದ್ದ ಪ್ರೇಷಕ ಯಂತ್ರದ ಸಾಮರ್ಥ್ಯ ಕೇವಲ 30 ವ್ಯಾಟ್. ಆ ಪುಟ್ಟ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ಅಂತಹ ಯಂತ್ರಗಳಿಗೆ ಆಗ ಕಡಲಾಚೆಯ ದೇಶಗಳನ್ನೇ ನೆಚ್ಚಬೇಕಾಗಿತ್ತು.

ಇಂದು ನಮ್ಮ ಪೇಟೆಯಲ್ಲಿಯೇ ಬಗೆಬಗೆಯ ರೇಡಿಯೋಗಳು ದೊರೆಯುತ್ತವೆ. ಆದರೂ ಕೆಲವು ವಿಶೇಷ ಗ್ರಾಹಕ ಯಂತ್ರಗಳು ಜಪಾನಿನಲ್ಲಿಯೋ ಅಮೆರಿಕದಲ್ಲಿಯೋ ಮಾತ್ರ ಮಾರಾಟವಾಗುತ್ತವೆ. ಅಲ್ಲಿಯ ಅಂಗಡಿಯವರಲ್ಲಿ ಹಲವರು ಭಾರತಕ್ಕೆ ಸರಕು ಕಳುಹಿಸುವುದಿಲ್ಲ. ಇಂತಹ ಸಂದರ್ಭದಲ್ಲಿ ನೆರವಾಗುವವರು ಸಾಗಣೆಯ ಮಧ್ಯವರ್ತಿಗಳು. ಅವರು ತಮ್ಮ ಉಗ್ರಾಣದಲ್ಲಿ ಗಿರಾಕಿಗೆ ಒಂದು ವಿಳಾಸವನ್ನು ಕೊಡುತ್ತಾರೆ. ಅಂಗಡಿಯಿಂದ ಪೆಟ್ಟಿಗೆ ಅಲ್ಲಿಗೆ ಬರುತ್ತದೆ. ಅವರು ಅದನ್ನು ತೂಗಿ, ಕಾಗದಪತ್ರಗಳನ್ನು ಜೋಡಿಸಿ, ವಿಮಾನದ ಮೂಲಕ ನಮಗೆ ರವಾನಿಸುತ್ತಾರೆ. ವ್ಯವಸ್ಥೆ ಸುಲಭವೇ. ಆದರೆ ಹಣ ತೆರುವ ಮುನ್ನ ವಿದ್ಯಾರ್ಥಿಯು ನಾಲ್ಕು ವಿಷಯಗಳನ್ನು ವಿಚಾರ ಮಾಡಬೇಕು. ನಾಲ್ಕಕ್ಕೂ ಪ್ರೌಢಶಾಲೆಯ ಭೌತವಿಜ್ಞಾನ ಮತ್ತು ಗಣಿತ ಸಾಕು.

ಬಾನಿನ ದಾರಿಗಳು

ಪ್ರತಿಯೊಂದು ದೇಶವೂ ರೇಡಿಯೋ ತರಂಗಗಳ ಆವೃತ್ತಿಗಳನ್ನು ತನ್ನದೇ ಕ್ರಮದಲ್ಲಿ ಹಂಚಿಕೊಂಡಿದೆ. ಮೈಸೂರು ಆಕಾಶವಾಣಿಯ ಎಫ್.ಎಂ. ಪ್ರಸಾರ 100.6 ಮೆಗಾಹರ್ಟ್ಸ್‌ನಲ್ಲಿದೆ. ಜಪಾನಿನಲ್ಲಿ ಎಫ್.ಎಂ. ಪ್ರಸಾರಕ್ಕೆ ಮೀಸಲಾದುದು 76ರಿಂದ 95 ಮೆಗಾಹರ್ಟ್ಸ್. ಅಷ್ಟನ್ನೇ ಹಿಡಿಯುವ ಜಪಾನೀ ರೇಡಿಯೋವನ್ನು ತಂದರೆ ನಮ್ಮೂರಿನ ಕೇಂದ್ರವೇ ಅದರಲ್ಲಿ ಕೇಳಿಸದು!

ಅಮೆರಿಕದ ತೊಡಕು ಬೇರೆ. ಅಲ್ಲಿ ಎಫ್.ಎಂ. ಕೇಂದ್ರಗಳು 88.1, 88.3, 88.5 ಎಂಬಂತೆ 0.2ರ ಅಂತರದಲ್ಲಿ ನಿಂತಿವೆ. ಅದೇ ಮೆಟ್ಟಿಲುಗಳಲ್ಲಿ ಮಾತ್ರ ಚಲಿಸುವ ರೇಡಿಯೋ 100.5ರಲ್ಲಿ ನಿಲ್ಲುತ್ತದೆ, ಇಲ್ಲವೆ 100.7ಕ್ಕೆ ಜಿಗಿಯುತ್ತದೆ, 100.6 ಅದಕ್ಕೆ ದಕ್ಕದು. ಮಧ್ಯಮ ತರಂಗದಲ್ಲಿಯೂ ಹಾಗೆಯೇ. ನಮ್ಮಲ್ಲಿ ಮೆಟ್ಟಿಲು 9 ಕಿಲೊಹರ್ಟ್ಸ್, ಅಲ್ಲಿ 10. ಬೆಂಗಳೂರು ಕೇಂದ್ರದ 612 ಎಂಬುದು 9ರ ಗುಣಕ, 10ರ ಗುಣಕವಲ್ಲ. ಮೆಟ್ಟಿಲನ್ನು ಬದಲಿಸುವ ಅನುಕೂಲ ಆ ಯಂತ್ರದಲ್ಲಿ ಉಂಟೆ ಎಂಬುದನ್ನು ಮೊದಲೇ ವಿಚಾರಿಸಬೇಕು.

ತರಂಗವನ್ನು ಹೊರಡಿಸುವ ಯಂತ್ರವಾದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಸಣ್ಣ ಉಪಕರಣಗಳನ್ನು ಪರವಾನಗಿಯಿಲ್ಲದೆ ಬಳಸಬಹುದು. ನಮ್ಮ ದೇಶದಲ್ಲಿ 890ರಿಂದ 915ರ ಪಟ್ಟಿಯಲ್ಲಿ ಮೊಬೈಲ್ ಫೋನುಗಳು ಗೋಪುರಕ್ಕೆ ಸಂಕೇತ ಕಳುಹಿಸುತ್ತವೆ. ಆದುದರಿಂದ ಅಲ್ಲಿಯ ನಿರುಪದ್ರವಿ ಆಟಿಕೆ ಇಲ್ಲಿ ನೆರೆಹೊರೆಯವರ ಸಂಭಾಷಣೆಗೆ ಅಡ್ಡಿಯಾಗಬಹುದು. ಇಂತಹ ಉಪಕರಣಗಳಿಗೆ ಭಾರತದಲ್ಲಿ 865ರಿಂದ 868ರ ಪಟ್ಟಿಯುಂಟು. ಹವ್ಯಾಸಿ ರೇಡಿಯೋ ಪ್ರೇಷಕಕ್ಕೆ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕೇಬೇಕು.

ಮನೆಯ ವಿದ್ಯುತ್ತು

ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್. ಆವೃತ್ತಿ ಅದರ ಪೂರ್ವಭಾಗದಲ್ಲಿ 50, ಪಶ್ಚಿಮಭಾಗದಲ್ಲಿ 60. ಯಂತ್ರದ ಬೆನ್ನಿನ ಮೇಲೆ ‘100–240 ವೋಲ್ಟ್, 50/60 ಹರ್ಟ್ಸ್’ ಎಂದು ಅಚ್ಚಾಗಿದ್ದರೆ ಚಿಂತೆಯಿಲ್ಲ. ಬರಿಯ 120 ವೋಲ್ಟ್ ಎಂದಿದ್ದರೆ ಒತ್ತಡವನ್ನು ತಗ್ಗಿಸುವ ಪರಿವರ್ತಕ ಬೇಕು.

ಒತ್ತಡ ತಗ್ಗಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆ? ಹಳೆಯ ಮಾದರಿಯ ಯಂತ್ರದೊಳಗೆ ಕಬ್ಬಿಣದ ತಿರುಳುಳ್ಳ ಪರಿವರ್ತಕವಿರುತ್ತದೆ. ಆ ತಿರುಳಿನಲ್ಲಿ ಹುಟ್ಟುವ ಕಾಂತಪ್ರವಾಹ, ಒತ್ತಡವನ್ನು ಆವೃತ್ತಿಯಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಅನುಪಾತವಾಗಿರುತ್ತದೆ. ಅಮೆರಿಕದಲ್ಲಿ ಅದು 120 ÷ 60 = 2. ಇಲ್ಲಿ 120 ÷ 50 = 2.4. ಅಂದರೆ ಐದರಲ್ಲಿ ಒಂದು ಪಾಲು ಹೆಚ್ಚು. ಕಬ್ಬಿಣ ತನ್ನ ಮಿತಿಯನ್ನು ಮುಟ್ಟಿದರೆ ಸುರುಳಿಯಲ್ಲಿ ವಿದ್ಯುತ್ಪ್ರವಾಹ ಏರಿ ಯಂತ್ರ ಕಾಯುತ್ತದೆ. ನೇರವಾಗಿ 230 ವೋಲ್ಟ್‌ಗೆ ಸೇರಿಸಿದರಂತೂ ಸಂಖ್ಯೆ 4.6, ಯಂತ್ರ ಸುಡುವುದು ಬಹುಮಟ್ಟಿಗೆ ಖಂಡಿತ.

ತೂಕವೋ, ಗಾತ್ರವೋ?

ವಿಮಾನದಲ್ಲಿ ತೂಕದಂತೆ ಜಾಗಕ್ಕೂ ಬೆಲೆಯುಂಟು. ಅದಕ್ಕಾಗಿ ಸಾಗಣೆದಾರರು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಯೇ ಗಾತ್ರದ ತೂಕ, ಕಿಲೋಗ್ರಾಮಿನಲ್ಲಿ. ನಿಜತೂಕ, ಗಾತ್ರದ ತೂಕ ಇವುಗಳಲ್ಲಿ ಹೆಚ್ಚಿನದಕ್ಕೆ ಹಣ ತೆರಬೇಕು. ಒಂದೂವರೆ ಕಿಲೋ ತೂಗುವ ರೇಡಿಯೋ 40 × 30 × 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿದ್ದರೆ ಗಾತ್ರದ ತೂಕ 4.8 ಕಿಲೋ. ಅದೇ ರೇಡಿಯೋ 30 × 20 × 10ರ ಪೆಟ್ಟಿಗೆಗೆ ಹಿಡಿಸಿದರೆ 1.2 ಕಿಲೋ, ಆಗ ನಿಜತೂಕಕ್ಕೆ ಮಾತ್ರ ಹಣ. ಹೊರಪೆಟ್ಟಿಗೆಯನ್ನು ಚಿಕ್ಕದು ಮಾಡಿಕೊಡುವಂತೆ ಮಧ್ಯವರ್ತಿಯನ್ನು ಕೇಳಬಹುದು. ಆದರೆ ಒಳಗಿನ ಮೆತ್ತೆಯನ್ನು ತೆಗೆಸಿ ಹಣ ಉಳಿಸುವುದು ಜಾಣತನವಲ್ಲ.

ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ನಿಯಮಗಳು ಕಠಿಣವಾಗಿವೆ. ಅದರ ಧ್ರುವಗಳು ತಾಗಿಕೊಂಡರೆ ಶಾಖ ಹುಟ್ಟುತ್ತದೆ. ಶಾಖದಿಂದ ರಾಸಾಯನಿಕ ಕ್ರಿಯೆ ತೀವ್ರವಾಗಿ ಮತ್ತಷ್ಟು ಶಾಖ ಹುಟ್ಟುತ್ತದೆ. ಆದಕಾರಣ ಬಿಡಿಯಾದ ಲಿಥಿಯಂ ಅಯಾನು ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನಗಳಲ್ಲಿ ಸರಕಾಗಿ ಒಯ್ಯುವುದನ್ನು 2016ರ ಏಪ್ರಿಲ್‌ನಿಂದ ನಿಷೇಧಿಸಲಾಗಿದೆ. ಇಲ್ಲಿಯೇ ದೊರೆಯುವ ಬ್ಯಾಟರಿಯಿಂದ ನಡೆಯುವ ಯಂತ್ರವನ್ನು ಆರಿಸುವುದು ಲೇಸು.

ಸುಂಕದ ಲೆಕ್ಕ

ಸುಂಕವನ್ನು ಯಂತ್ರದ ಬೆಲೆಯ ಮೇಲೆ ಮಾತ್ರ ಹಾಕುತ್ತಾರೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಬೆಲೆ, ಸಾಗಣೆ, ವಿಮೆ ಮೂರೂ ಕೂಡಿದ ಮೊತ್ತವೇ ಆಧಾರ. ಸುಂಕ ಸೇರಿದ ಮೇಲಿನ ಮೊತ್ತದ ಮೇಲೆ ಮತ್ತೆ ಜಿ.ಎಸ್.ಟಿ. ಬೀಳುತ್ತದೆ. ದರಗಳು ಆಗಾಗ ಬದಲಾಗುವುದರಿಂದ ಲೆಕ್ಕದ ಸೌಕರ್ಯಕ್ಕಾಗಿ ಸುಂಕ 20, ಜಿ.ಎಸ್.ಟಿ. 18 ಪ್ರತಿಶತ ಎಂದು ಇಟ್ಟುಕೊಳ್ಳೋಣ. ರೇಡಿಯೋ 8,000 ರೂಪಾಯಿ, ಸಾಗಣೆ ಮತ್ತು ವಿಮೆ 2,500, ಒಟ್ಟು 10,500. ಸುಂಕ 2,100; ಈಗ 12,600. ಅದರ ಮೇಲೆ ಜಿ.ಎಸ್.ಟಿ. 2,268. ಮನೆ ಸೇರುವಾಗ 14,868 ರೂಪಾಯಿ! ಅಧಿಭಾರಗಳೂ ಮಧ್ಯವರ್ತಿಯ ಕೂಲಿಯೂ ಬೇರೆ.

ಬೆಲೆಯನ್ನು ಕಡಮೆ ಬರೆಸುವುದು ಸುಂಕದ ಕಾಯಿದೆಯಂತೆ ಅಪರಾಧ. ‘ಕಾಣಿಕೆ’ ಎಂದು ಬರೆಸಿ ಸುಂಕ ತಪ್ಪಿಸಿಕೊಳ್ಳುವ ಹಳೆಯ ದಾರಿಯೂ 2019ರ ಡಿಸೆಂಬರ್‌ನಲ್ಲಿ ಮುಚ್ಚಿತು.

ಕೊನೆಯದಾಗಿ ಒಂದು ಮಾತು. ಅಂಗಡಿಯವನ ಹೊಣೆ ಸಾಮಾನ್ಯವಾಗಿ ಮಧ್ಯವರ್ತಿಯ ಉಗ್ರಾಣದಲ್ಲಿಯೇ ಮುಗಿಯುತ್ತದೆ. ಆದುದರಿಂದ ಪೆಟ್ಟಿಗೆ ಅಲ್ಲಿರುವಾಗಲೇ ಯಂತ್ರದ ಬೆನ್ನಿನ ಫಲಕದ ಛಾಯಾಚಿತ್ರವನ್ನು ತರಿಸಿಕೊಂಡು ಒತ್ತಡ, ಆವೃತ್ತಿ, ಮಾದರಿಯ ಸಂಖ್ಯೆಗಳನ್ನು ಓದಬೇಕು. ತಪ್ಪು ಅಲ್ಲಿಯೇ ತಿಳಿದರೆ ಹಿಂದಿರುಗಿಸಲು ಆ ದೇಶದೊಳಗಿನ ಸಾಗಣೆ ವೆಚ್ಚ ಸಾಕು; ಮೈಸೂರಿಗೆ ಬಂದ ಮೇಲೆ ತಿಳಿದರೆ ಯಂತ್ರ ಮತ್ತೊಮ್ಮೆ ಕಡಲನ್ನು ದಾಟಬೇಕು, ನಮ್ಮ ಖರ್ಚಿನಲ್ಲಿ.