ಹೊರಬಾರದ ಹಾಡನ್ನು ಹೊರತರಲು ಒಂಬತ್ತು ಸೂತ್ರಗಳು

ಅಮೆರಿಕದ ಶಿಕಾಗೊ, ಡೆಟ್ರಾಯಿಟ್ ಸುತ್ತಿನ ರಾಕ್ ಅಭಿಮಾನಿಗಳಿಗೆ ಒಂದು ಹುಚ್ಚಿದೆ. ಕಂಪನಿಗಳು ಬೇಡವೆಂದ, ಕೊನೆಗೆ ಬ್ಯಾಂಡಿನವರೇ ಕೈಬಿಟ್ಟ ಧ್ವನಿಮುದ್ರಣಗಳನ್ನು ಹುಡುಕಿ ತೆಗೆಯುವ ಹುಚ್ಚು. ಪ್ರೊಗ್ರೆಸಿವ್ ರಾಕ್ ಮಂದಿಯಲ್ಲಂತೂ ಇದು ತುಸು ಜಾಸ್ತಿ. ಹತ್ತು ನಿಮಿಷದ ಹಾಡು, ನಡುವೆ ನಾಲ್ಕಾರು ಸಲ ಬದಲಾಗುವ ತಾಳ, ಕೀಬೋರ್ಡು, ಗಿಟಾರು, ಕೊಳಲುಗಳ ಜಟಾಪಟಿ. 1970ರ ದಶಕದ ರೇಡಿಯೋ ಇಂಥ ಸಂಗೀತಕ್ಕೆ ಕೊಟ್ಟ ಜಾಗ ಕಡಿಮೆ. ಹೆಸರು ಮಾಡಿದ್ದು ಕೆಲವೇ ಬ್ಯಾಂಡುಗಳು. ಉಳಿದವರ ಟೇಪುಗಳು ಅಟ್ಟ, ನೆಲಮಾಳಿಗೆ ಸೇರಿದವು.

ಅವುಗಳಲ್ಲಿ ಕೆಲವು ದಶಕಗಳ ಮೇಲೆ ಹೊರಬಂದು ಗೆದ್ದವು, ಕೆಲವು ಬೂಸ್ಟು ಹಿಡಿದು ಹೋದವು. ಪ್ರತಿಭೆ ಎರಡೂ ಕಡೆ ಇತ್ತು. ಗೆದ್ದ ಕಡೆ ಯಾರೋ ಒಬ್ಬರು ಅಚ್ಚುಕಟ್ಟಾಗಿದ್ದರು, ಅಷ್ಟೇ. ಪ್ರತಿಭೆಯನ್ನು ಕಲಿಸಲಾಗದು, ಅಚ್ಚುಕಟ್ಟನ್ನು ಕಲಿಯಬಹುದು. ಹೇಗೆಂದು ನೋಡಿ.

1. ನಾಲ್ಕು ಪ್ರತಿ ಹೆಚ್ಚಿಗೇ ಮಾಡಿ, ಊರಿಗೆಲ್ಲ ಹಂಚಿ

ಶಿಕಾಗೊ ಮಗ್ಗುಲಿನ ಇಂಡಿಯಾನಾದ ಪೋರ್ಟೇಜ್ ಊರಿನಲ್ಲಿ 1973ರಲ್ಲಿ ‘ಯೆಜ್ಡಾ ಉರ್ಫಾ’ ಎಂಬ ಪ್ರೊಗ್ರೆಸಿವ್ ರಾಕ್ ಬ್ಯಾಂಡು ಶುರುವಾಯಿತು. 1975ರಲ್ಲಿ ‘ಬೋರಿಸ್’ ಎಂಬ ಡೆಮೊ ರೆಕಾರ್ಡು ಮಾಡಿ 300 ಪ್ರತಿ ಒತ್ತಿಸಿದರು. ಯಾವ ದೊಡ್ಡ ಕಂಪನಿಯೂ ಕರೆಯಲಿಲ್ಲ. ಮರುವರ್ಷ ‘ಸೇಕ್ರೆಡ್ ಬಬೂನ್’ ಎಂಬ ಪೂರ್ಣ ಆಲ್ಬಮ್ಮನ್ನೇ ಧ್ವನಿಮುದ್ರಿಸಿದರು. ಅದು ಪೆಟ್ಟಿಗೆಯಲ್ಲೇ ಉಳಿಯಿತು. ಆದರೆ ಆ ಡೆಮೊ ಪ್ರತಿಗಳು ಸುಮ್ಮನೆ ಕೂರಲಿಲ್ಲ, ಸಂಗ್ರಾಹಕರ ಕೈಯಿಂದ ಕೈಗೆ ಓಡಾಡಿದವು. 1989ರಲ್ಲಿ ಕ್ಯಾಲಿಫೋರ್ನಿಯಾದ ಸಿನ್‌ಫೋನಿಕ್ ಎಂಬ ಪುಟ್ಟ ಲೇಬಲ್ ‘ಸೇಕ್ರೆಡ್ ಬಬೂನ್’ ಹೊರತಂದಿತು. 2004ರಲ್ಲಿ ಅದೇ ಬ್ಯಾಂಡು ಪೆನ್ಸಿಲ್ವೇನಿಯಾದ ನಿಯರ್‌ಫೆಸ್ಟ್ ಉತ್ಸವದ ವೇದಿಕೆ ಹತ್ತಿತು. ಒಂದೇ ಪ್ರತಿ ಇದ್ದಿದ್ದರೆ ಇಷ್ಟು ದೂರ ಬರುತ್ತಿತ್ತೇ?

2. ಡಬ್ಬಿಯ ಮೇಲೆ ಬರೆಯಿರಿ

ಟೇಪಿನ ಡಬ್ಬಿಯ ಮೇಲೆ ಬರೀ ‘ಹಾಡು’ ಎಂದಿದ್ದರೆ ಅದು ಕಸಕ್ಕೆ ಅರ್ಧ ದಾರಿ ಹೋದಂತೆ. ಬ್ಯಾಂಡಿನ ಹೆಸರು, ತಾರೀಖು, ಸ್ಟುಡಿಯೊ, ಎಂಜಿನಿಯರು, ಹಾಡುಗಳ ಕ್ರಮ ಇರಲಿ. ಜೊತೆಗೆ ಮೂರು ತಾಂತ್ರಿಕ ಸಂಗತಿ: ಟೇಪು ಓಡಿದ ವೇಗ, ಎಷ್ಟು ಟ್ರ್ಯಾಕು, ಹಿನ್ನೆಲೆಯ ಸುಯ್ಯೆನ್ನುವ ಸದ್ದು ತಗ್ಗಿಸುವ ಡಾಲ್ಬಿ ಬಳಸಿದ್ದರೆ ಅದು. ಹತ್ತೂವರೆ ಇಂಚಿನ ರೀಲಿನಲ್ಲಿ ಸಾಮಾನ್ಯವಾಗಿ 2,500 ಅಡಿ ಟೇಪು. ಸೆಕೆಂಡಿಗೆ 15 ಇಂಚಿನ ವೇಗದಲ್ಲಿ ಅದು ಸುಮಾರು 33 ನಿಮಿಷ ಓಡುತ್ತದೆ. ಈ ಲೆಕ್ಕ ಗೊತ್ತಿದ್ದವರಿಗೆ ರೀಲಿನ ದಪ್ಪ ನೋಡಿದರೇ ಒಳಗೆ ಎಷ್ಟು ಹಾಡಿರಬಹುದೆಂಬ ಅಂದಾಜು ಸಿಗುತ್ತದೆ.

3. ನೆಲಮಾಳಿಗೆಯನ್ನು ನಂಬಬೇಡಿ

‘24-ಕ್ಯಾರಟ್ ಬ್ಲ್ಯಾಕ್’ 1973ರಲ್ಲಿ ಒಂದೇ ಆಲ್ಬಮ್ ತಂದ ಸೋಲ್ ತಂಡ. ಎರಡನೆಯದು ಅರ್ಧಕ್ಕೇ ನಿಂತು, ರೀಲುಗಳು ನೆಲಮಾಳಿಗೆ ಸೇರಿದವು. ಶಿಕಾಗೊದ ನ್ಯೂಮೆರೊ ಗ್ರೂಪ್ ಎಂಬ ಲೇಬಲ್ ಅವುಗಳನ್ನು ಹುಡುಕಿ ತೆಗೆಯುವ ಹೊತ್ತಿಗೆ ಬಹಳಷ್ಟು ಹಾಳಾಗಿದ್ದವು. 2009ರಲ್ಲಿ ಹೊರಬಂದ ಆಲ್ಬಮ್ಮಿನಲ್ಲಿ ಉಳಿದದ್ದು ಆರೇ ಹಾಡು. ತೇವ, ಸೆಖೆ, ಇಲಿ, ಮಳೆನೀರು ಶಿಕಾಗೊದಲ್ಲೂ ಇವೆ, ನಮ್ಮ ಮನೆಗಳಲ್ಲೂ ಇವೆ. ಟೇಪನ್ನು ನೀವು ಮಲಗುವ ಕೋಣೆಯ ಬೀರುವಿನಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಇಡಿ. ಸ್ಪೀಕರಿನ ಅಯಸ್ಕಾಂತದ ಹತ್ತಿರ ಸುಳಿಯಗೊಡಬೇಡಿ.

4. ಸಿಕ್ಕ ಕೂಡಲೇ ಪ್ಲೇ ಒತ್ತಬೇಡಿ

ಅಭಿಮಾನಿಗಳು ಎಡವುವುದೇ ಇಲ್ಲಿ. 1970, 80ರ ದಶಕದ ಹಲವು ಟೇಪುಗಳಲ್ಲಿ, ಮುಖ್ಯವಾಗಿ ಸ್ಟುಡಿಯೊಗಳ ಅಚ್ಚುಮೆಚ್ಚಿನ ಆಂಪೆಕ್ಸ್ 456ರಲ್ಲಿ, ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಯಂತ್ರಕ್ಕೆ ಹಾಕಿದರೆ ಟೇಪು ಕಿರ್ರೆನ್ನುತ್ತದೆ, ತಡೆತಡೆದು ಓಡುತ್ತದೆ, ಹೆಡ್ಡಿನ ಮೇಲೆ ಕಂದು ಅಂಟು ಮೆತ್ತಿಕೊಳ್ಳುತ್ತದೆ. ಆ ಕಂದು ಅಂಟೇ ನಿಮ್ಮ ಹಾಡು! ಒರೆಸಿ ತೆಗೆದರೆ ಮತ್ತೆ ಬರುವುದಿಲ್ಲ.

ಇದಕ್ಕೆ ಮದ್ದು ಬೇಯಿಸುವುದು. ತಜ್ಞರು ಇಂಥ ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಹದವಾಗಿ ಕಾಯಿಸುತ್ತಾರೆ. ತೇವ ಹಾರಿ, ಅಂಟು ಕೆಲವು ವಾರಗಳ ಮಟ್ಟಿಗೆ ಗಟ್ಟಿಯಾಗುತ್ತದೆ. ಆ ಅವಧಿಯಲ್ಲೇ ಡಿಜಿಟಲ್ ಪ್ರತಿ ಮಾಡಿ ಮುಗಿಸಬೇಕು. ಅದಕ್ಕಿಂತ ಹಳೆಯ ಅಸಿಟೇಟ್ ಟೇಪಿಗೆ ಮಾತ್ರ ಈ ಮದ್ದು ವಿಷ. ಬೆಳಕಿಗೆ ಹಿಡಿದಾಗ ರೀಲಿನ ಆಚೆಯಿಂದ ಬೆಳಕು ಕಂಡರೆ, ಮೂಗಿಗೆ ವಿನೆಗರ್ ವಾಸನೆ ಬಡಿದರೆ ಅದು ಅಸಿಟೇಟ್. ಬಿಸಿಯ ಹತ್ತಿರ ಒಯ್ಯಬೇಡಿ. ಮನೆಯ ಓವನ್ನಿನಲ್ಲಿ ಪ್ರಯೋಗವಂತೂ ಬೇಡವೇ ಬೇಡ.

5. ಡಿಜಿಟಲ್ ಪ್ರತಿ ಮೂರು ಇರಲಿ

ಮೂಲ ಪ್ರತಿಯನ್ನು ಎಂಪಿ3 ಮಾಡಬೇಡಿ. 24 ಬಿಟ್, 96 ಕಿಲೋಹರ್ಟ್ಸ್‌ನ ವೇವ್ ಫೈಲು ಮಾಡಿಸಿ. ಒಂದು ಮನೆಯಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ. ಡಿಜಿಟಲ್ ಆಯಿತೆಂದು ಟೇಪನ್ನು ಎಸೆಯಬೇಡಿ. ನಾಳೆ ಇನ್ನೂ ಒಳ್ಳೆಯ ಯಂತ್ರ ಬಂದೀತು.

6. ಸುಳಿವು ಹಾಡಿನೊಳಗೇ ಇರುತ್ತದೆ

ಡೆಟ್ರಾಯಿಟ್‌ನ ಗಾಯಕ ರೊಡ್ರಿಗೇಜ್ 1970, 71ರಲ್ಲಿ ಎರಡು ಆಲ್ಬಮ್ ತಂದರು. ಅಮೆರಿಕದಲ್ಲಿ ಕೇಳುವವರಿರಲಿಲ್ಲ, ದಕ್ಷಿಣ ಆಫ್ರಿಕಾದಲ್ಲಿ ಮನೆಮಾತಾದರು. ಆದರೆ ಅಲ್ಲಿ ಆ ಮನುಷ್ಯ ಯಾವೂರಿನವನು, ಬದುಕಿದ್ದಾನೋ ಸತ್ತನೋ ಒಬ್ಬರಿಗೂ ಗೊತ್ತಿಲ್ಲ. ಹುಡುಕಲು ಹೊರಟ ಪತ್ರಕರ್ತನಿಗೆ ಒಂದು ಹಾಡಿನಲ್ಲಿ ಡಿಯರ್‌ಬೋರ್ನ್ ಎಂಬ ಊರಿನ ಹೆಸರು ಕಿವಿಗೆ ಬಿತ್ತು. ನಕ್ಷೆ ತೆಗೆದು ನೋಡಿದರೆ ಅದು ಡೆಟ್ರಾಯಿಟ್‌ಗೆ ಅಂಟಿಕೊಂಡ ಊರು! ಅಲ್ಲಿಂದ ದಾರಿ ನೇರವಾಯಿತು. 1998ರಲ್ಲಿ ರೊಡ್ರಿಗೇಜ್ ದಕ್ಷಿಣ ಆಫ್ರಿಕಾದಲ್ಲಿ ತುಂಬಿದ ಸಭಾಂಗಣಗಳಲ್ಲಿ ಹಾಡಿದರು. ಈ ಹುಡುಕಾಟದ ಸಾಕ್ಷ್ಯಚಿತ್ರಕ್ಕೆ 2013ರಲ್ಲಿ ಆಸ್ಕರ್ ಬಂತು. ರೆಕಾರ್ಡಿನ ಬೆನ್ನ ಮೇಲಿನ ಸಣ್ಣಕ್ಷರ, ಊರಿನ ಹೆಸರು, ನಿರ್ಮಾಪಕನ ಹೆಸರು: ಯಾವುದನ್ನೂ ಕಡೆಗಣಿಸಬೇಡಿ.

7. ಟೇಪು ನಿಮ್ಮದಾದ ಮಾತ್ರಕ್ಕೆ ಹಾಡು ನಿಮ್ಮದಾಗದು

ಹಳೇ ಸಾಮಾನಿನ ಸಂತೆಯಲ್ಲಿ ರೀಲು ಕೊಂಡಿರಿ ಎನ್ನಿ. ನಿಮಗೆ ಸೇರಿದ್ದು ಪ್ಲಾಸ್ಟಿಕ್ಕು ಮಾತ್ರ. ಹಾಡು ಕಟ್ಟಿದವರ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಎರಡೂ ಕಡೆ ಒಪ್ಪಿಗೆ ಬೇಕು. ಅಮೆರಿಕದಲ್ಲಿ 1972ರ ಫೆಬ್ರವರಿ 15ಕ್ಕೆ ಮುಂಚಿನ ಧ್ವನಿಮುದ್ರಣಗಳಿಗೆ ಒಕ್ಕೂಟದ ಕಾನೂನಿನ ರಕ್ಷಣೆ ಸಿಕ್ಕಿದ್ದೇ 2018ರ ಸಂಗೀತ ಆಧುನೀಕರಣ ಕಾಯ್ದೆಯಿಂದ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಬ್ಯಾಂಡಿನವರನ್ನು, ಇಲ್ಲದಿದ್ದರೆ ಅವರ ಮಕ್ಕಳನ್ನು ಹುಡುಕಿ, ಕಾಗದದ ಮೇಲೆ ಒಪ್ಪಿಗೆ ಪಡೆಯಿರಿ. ಬರುವ ಹಣದಲ್ಲಿ ಯಾರಿಗೆ ಎಷ್ಟು ಎಂಬುದನ್ನು ಮೊದಲೇ ಬರೆದುಕೊಳ್ಳಿ. ಕಳ್ಳ ಸಿಡಿ ಒತ್ತಿಸಿ ಮಾರುವವರಿಗೂ ಅಭಿಮಾನಿಗಳಿಗೂ ಇರುವ ಅಂತರ ಇದೊಂದೇ.

8. ಹಟ ಹಿಡಿಯಿರಿ, ಜೊತೆಗೆ ಪೆಟ್ಟಿಗೆ ಕಾಯಿರಿ

ಡೆಟ್ರಾಯಿಟ್‌ನ ಡೇವಿಡ್, ಬಾಬಿ, ಡ್ಯಾನಿಸ್ ಹ್ಯಾಕ್ನಿ ಎಂಬ ಮೂವರು ಕಪ್ಪು ಅಣ್ಣತಮ್ಮಂದಿರು ‘ಡೆತ್’ ಎಂಬ ರಾಕ್ ಬ್ಯಾಂಡು ಕಟ್ಟಿದರು. 1975ರಲ್ಲಿ ಯುನೈಟೆಡ್ ಸೌಂಡ್ ಸ್ಟುಡಿಯೊದಲ್ಲಿ ಏಳು ಹಾಡು ಮುದ್ರಿಸಿದರು. ದೊಡ್ಡ ರೆಕಾರ್ಡ್ ಧಣಿ ಕ್ಲೈವ್ ಡೇವಿಸ್ ಬೆನ್ನಿಗೆ ನಿಲ್ಲಲು ತಯಾರಿದ್ದರು, ‘ಸಾವು’ ಎಂಬ ಆ ಹೆಸರು ಬಿಡಬೇಕೆಂಬ ಒಂದೇ ಷರತ್ತಿನ ಮೇಲೆ. ಡೇವಿಡ್ ಒಪ್ಪಲಿಲ್ಲ. 1976ರಲ್ಲಿ ತಾವೇ 500 ಪ್ರತಿ ಸಿಂಗಲ್ ಒತ್ತಿಸಿದರು. ಬ್ಯಾಂಡು ಮುರಿಯಿತು.

ಡೇವಿಡ್ 2000ದಲ್ಲಿ ತೀರಿಕೊಂಡರು. ಅದಕ್ಕೆ ಮೊದಲು ಮೂಲ ಟೇಪುಗಳನ್ನು ತಮ್ಮ ಬಾಬಿಯ ಕೈಗಿಟ್ಟು, ಲೋಕ ಇದನ್ನು ಕೇಳಿಕೊಂಡು ಬಂದೇ ಬರುತ್ತದೆ ಎಂದಿದ್ದರು. ಬಾಬಿ ಅವನ್ನು ಅಟ್ಟದಲ್ಲಿ ಜೋಪಾನ ಮಾಡಿದರು. 2008ರ ಸುಮಾರಿಗೆ ಆ ಸಿಂಗಲ್ ಸಂಗ್ರಾಹಕರ ನಡುವೆ ಸುತ್ತುತ್ತಿದ್ದಾಗ ಬಾಬಿಯ ಮಗ ಅದನ್ನು ಕೇಳಿ ಅಪ್ಪನ ದನಿ ಗುರುತಿಸಿದ. 2009ರಲ್ಲಿ ಶಿಕಾಗೊದ ಡ್ರ್ಯಾಗ್ ಸಿಟಿ ಎಂಬ ಸಣ್ಣ ಲೇಬಲ್ ಆ ಏಳು ಹಾಡುಗಳನ್ನು ಹೊರತಂದಿತು. ಪಂಕ್ ರಾಕ್ ಚರಿತ್ರೆ ಬರೆಯುವವರು ಈಗ ಈ ಮೂವರನ್ನು ಬಿಟ್ಟು ಬರೆಯುವಂತಿಲ್ಲ. ಅಣ್ಣನ ಹಟವನ್ನು ಎಲ್ಲರೂ ಹೊಗಳುತ್ತಾರೆ. ಆ ಹಟ ದಡ ಸೇರಿದ್ದು ತಮ್ಮ ಪೆಟ್ಟಿಗೆ ಕಾಯ್ದದ್ದರಿಂದ.

ಇದರಿಂದಲೇ ಇನ್ನೊಂದು ಪಾಠ: ಹೊರತರುವಾಗ ಸಣ್ಣ ಲೇಬಲ್ಲನ್ನೇ ಹುಡುಕಿ. ಶಿಕಾಗೊದ ಪ್ರೊಗ್ರೆಸಿವ್ ಬ್ಯಾಂಡು ‘ಪೆಂಟ್‌ವಾಟರ್’ನ ಹಳೆಯ ಮುದ್ರಣಗಳನ್ನು 1992ರಲ್ಲಿ ತಂದದ್ದೂ ಆ ಸಿನ್‌ಫೋನಿಕ್ಕೇ. ಸಾವಿರ ಪ್ರತಿ ಮಾರಿದರೂ ಅವರಿಗೆ ಅದು ಗೆಲುವು. ದೊಡ್ಡ ಕಂಪನಿಗೆ ಅದು ಲೆಕ್ಕಕ್ಕೇ ಇಲ್ಲ.

9. ಇಂದಿನದನ್ನು ಇಂದೇ ಮುದ್ರಿಸಿ

ಶಿಕಾಗೊದ ಏಡಮ್ ಜೇಕಬ್ಸ್ 1980ರ ದಶಕದಿಂದ ಕ್ಲಬ್ಬುಗಳಿಗೆ ರೆಕಾರ್ಡರ್ ಹೊತ್ತು ಹೋಗಿ ಸಾವಿರಾರು ಕಛೇರಿ ಮುದ್ರಿಸಿದವರು. ‘ನಿರ್ವಾಣ’ ಬ್ಯಾಂಡು ಹೆಸರು ಮಾಡುವ ಮುಂಚೆ, 1989ರಲ್ಲಿ ಶಿಕಾಗೊದಲ್ಲಿ ನುಡಿಸಿದ್ದೂ ಅವರ ಟೇಪಿನಲ್ಲಿದೆ. ಮುಂದೆ ಯಾರು ದೊಡ್ಡವರಾಗುತ್ತಾರೆಂದು ಲೆಕ್ಕ ಹಾಕುತ್ತ ಕೂತಿದ್ದರೆ ಅವರು ಆ ರಾತ್ರಿ ಮನೆಯಲ್ಲೇ ಇರುತ್ತಿದ್ದರು.

ಈ ಮಾತು ಅಲ್ಲಿನ ಕನ್ನಡಿಗರಿಗೂ ಸಲ್ಲುತ್ತದೆ. ಶಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟವಿದೆ, ಡೆಟ್ರಾಯಿಟ್ ಸುತ್ತ ಪಂಪ ಕನ್ನಡ ಕೂಟವಿದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2002ರ ಸಮ್ಮೇಳನ ಡೆಟ್ರಾಯಿಟ್‌ನಲ್ಲಿ, 2008ರದ್ದು ಶಿಕಾಗೊದಲ್ಲಿ ನಡೆಯಿತು. ಯುಗಾದಿ, ರಾಜ್ಯೋತ್ಸವಗಳಲ್ಲಿ ಹಾಡಿದ ಭಾವಗೀತೆ, ಆಡಿದ ನಾಟಕ ನಿಮ್ಮ ಮನೆಯ ಕ್ಯಾಸೆಟ್ಟು, ಹ್ಯಾಂಡಿಕ್ಯಾಮ್ ಟೇಪುಗಳಲ್ಲಿ ಇದ್ದರೆ ಅವೂ ಹೊರಬಾರದ ಧ್ವನಿಮುದ್ರಣಗಳೇ. ಅವನ್ನು ಓಡಿಸುವ ಯಂತ್ರಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ, ಹಾಡಿದವರಿಗೆ ವಯಸ್ಸಾಗುತ್ತಿದೆ. ಮೊದಲು ಡಬ್ಬಿಗೆ ಹೆಸರು ಬರೆಯಿರಿ, ಆಮೇಲೆ ಹಾಡಿದವರಿಗೊಂದು ಫೋನು ಮಾಡಿ. ಕೊನೆಗೆ ಟೇಪಿನ ಕೆಲಸ ಬಲ್ಲವರ ಕೈಗೆ ಕೊಡಿ.