ಹಳೆಯ ಜೊತೆಗಾರ ದಣಿಯುವ ಮೊದಲೇ

ಅಮೆರಿಕದಲ್ಲಿ ಮಾರ್ಗದರ್ಶಿ ನಾಯಿಯ ಹಾರ್ನೆಸ್ ಹಿಡಿದು ಓಡಾಡುವ ನಿಮಗೊಂದು ಮಾತು. ನಿಮ್ಮ ನಾಯಿಗೆ ಒಂಬತ್ತು ತುಂಬಿತೇ? ಹಾಗಾದರೆ ಮುಂದಿನ ನಾಯಿಯ ವಿಚಾರ ಈಗಲೇ ಎತ್ತಿ. "ಇನ್ನೂ ಚೆನ್ನಾಗಿಯೇ ನಡೆಯುತ್ತಿದೆಯಲ್ಲ" ಅನ್ನುತ್ತೀರಿ, ಗೊತ್ತು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಏನು ಬಂತು? ಅರ್ಜಿ ಹಾಕಿ, ಸಂದರ್ಶನ ಮುಗಿದು, ನಿಮಗೆ ಹೊಂದುವ ನಾಯಿ ಸಿಗುವ ಹೊತ್ತಿಗೆ ತಿಂಗಳುಗಳೇ ಉರುಳುತ್ತವೆ. ಅಷ್ಟರೊಳಗೆ ಹಳೆಯ ನಾಯಿ ಕೆಲಸ ನಿಲ್ಲಿಸಿದರೆ ಕೈಗೆ ಬರುವುದು ಬಿಳಿ ಕೋಲೇ. ಅದನ್ನು ಮೂಲೆಗೆ ಹಾಕಿ ವರ್ಷಗಳಾಗಿದ್ದರೆ ಇವತ್ತೇ ತೆಗೆದು ಅಭ್ಯಾಸ ಶುರುಮಾಡಿ.

ದಣಿದಿದ್ದೇನೆ ಎಂದು ನಾಯಿ ಬಾಯಿಬಿಟ್ಟು ಹೇಳುವುದಿಲ್ಲ. ಹಾರ್ನೆಸ್ಸಿನ ಸದ್ದಿಗೆ ಓಡಿ ಬರುತ್ತಿದ್ದದ್ದು ಈಗ ಮೆಲ್ಲಗೆ ಏಳುತ್ತದೆಯೇ? ಹಿಡಿಕೆಯಲ್ಲಿ ಎಳೆತ ಸಡಿಲವಾಗಿದೆಯೇ? ಮೆಟ್ಟಿಲ ಬಳಿ ತಡವರಿಸುತ್ತದೆಯೇ? ತಲೆಯೆತ್ತರದ ಕೊಂಬೆ ನಿಮ್ಮ ಹಣೆಗೆ ತಾಗಿತೇ? ಮೊದಲು ಪಶುವೈದ್ಯರಿಗೆ ತೋರಿಸಿ, ಕೀಲುನೋವಾದರೆ ಔಷಧವುಂಟು. ಆಮೇಲೆ ಕಣ್ಣು ಕಾಣುವ ಯಾರಾದರೂ ನಿಮ್ಮ ಹಿಂದೆ ನಡೆದು ನೋಡಲಿ. ಎಷ್ಟೋ ಜನ ತಮಗರಿವಿಲ್ಲದೆ ನಾಯಿಯ ಕೆಲಸವನ್ನು ತಾವೇ ಮಾಡುತ್ತಿರುತ್ತಾರೆ. ಪ್ರೀತಿಯಿಂದಲೇ ಮಾಡುತ್ತೀರಿ, ಒಪ್ಪಿದೆ. ಆದರೆ ರಸ್ತೆ ದಾಟುವಾಗ ಆ ಪ್ರೀತಿ ಇಬ್ಬರ ಜೀವಕ್ಕೂ ಅಪಾಯ.

ದುಡ್ಡಿನ ನೆಪ ಹೇಳಬೇಡಿ. 1929ರಲ್ಲಿ ಶುರುವಾಗಿ ಈಗ ನ್ಯೂಜೆರ್ಸಿಯ ಮಾರಿಸ್‌ಟೌನಿನಲ್ಲಿರುವ 'ದಿ ಸೀಯಿಂಗ್ ಐ' ಶಾಲೆ ಮೊದಲ ನಾಯಿಗೆ 150 ಡಾಲರ್, ಆಮೇಲಿನ ಒಂದೊಂದಕ್ಕೂ 50 ಡಾಲರ್ ತೆಗೆದುಕೊಳ್ಳುತ್ತದೆ. ಏನೂ ತೆಗೆದುಕೊಳ್ಳದ ಶಾಲೆಗಳೂ ಇವೆ.

ಶಾಲೆಯವರು ನಿಮ್ಮನ್ನು ಜೂನೋ ನಡಿಗೆಗೆ ಕರೆಯುತ್ತಾರೆ. ತರಬೇತುದಾರರು ನಾಯಿಯ ಜಾಗದಲ್ಲಿ ತಾವೇ ಹಾರ್ನೆಸ್ ಹಿಡಿದು ನಿಮ್ಮನ್ನು ನಡೆಸಿ, ನಿಮ್ಮ ವೇಗವೆಷ್ಟು, ಎಷ್ಟು ಎಳೆತ ತಡೆಯಬಲ್ಲಿರಿ ಎಂದು ಅಳೆಯುತ್ತಾರೆ. ಆಗ ಜಂಬಕ್ಕೆ ಬಿರಬಿರನೆ ನಡೆಯಬೇಡಿ! ಹಳೆಯ ನಾಯಿ ಬಂದಾಗ ಇದ್ದ ಮೊಣಕಾಲು ಈಗಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಮನೆಯಿಂದಲೇ ಕೆಲಸವೋ, ದಿನಾ ರೈಲು ಹತ್ತಬೇಕೋ, ಮನೆಯಲ್ಲಿ ಮೊಮ್ಮಗುವಿದೆಯೋ, ಕಿವಿ ಮಂದವಾಗಿದೆಯೋ, ಎಲ್ಲವನ್ನೂ ಬಿಚ್ಚಿ ಹೇಳಿ. ಮುಚ್ಚಿಟ್ಟರೆ ನಿಮಗೆ ಬರುವುದು ಬೇರೆ ಯಾರಿಗೋ ಸರಿಯಾಗುವ ನಾಯಿ.

ಶಾಲೆಯ ನಾಯಿಯೇ ಆಗಬೇಕೆಂದಿಲ್ಲ, ಅಮೆರಿಕದ ಕಾನೂನು ನಾಯಿಗೆ ನೀವೇ ತರಬೇತಿ ಕೊಡಲೂ ಅವಕಾಶ ಕೊಡುತ್ತದೆ. ಆ ದಾರಿ ಹಿಡಿಯುವವರು ಚೆಂದದ ಲ್ಯಾಬ್ರಡಾರ್ ಎಂದು ಮರುಳಾಗಬೇಡಿ, ಬೆಳ್ಳಗಿರುವುದೆಲ್ಲ ಹಾಲಲ್ಲ. ಸೊಂಟದ ಮತ್ತು ಮೊಣಕೈಯ ಕೀಲುಗಳ ಎಕ್ಸ್‌-ರೇ, ಕಣ್ಣಿನ ತಪಾಸಣೆ ಆಗಲೇಬೇಕು. ಒಂದು ತಟ್ಟೆ ಢಣ್ಣನೆ ಬೀಳಿಸಿ. ನಾಯಿ ಬೆಚ್ಚಿದರೆ ತಪ್ಪಿಲ್ಲ, ಬೇಗ ಚೇತರಿಸಿಕೊಂಡು ಬಂದು ಮೂಸಬೇಕು. ಅಳಿಲು ಓಡಿದಾಗ, ನೆಲದಲ್ಲಿ ತಿಂಡಿ ಬಿದ್ದಾಗ, ಜನಸಂದಣಿಯಲ್ಲಿ, ಹೊಳೆಯುವ ನೆಲದ ಮೇಲೆ ಹೇಗಿರುತ್ತದೆ ನೋಡಿ. ಒಂದೇ ಭೇಟಿಯಲ್ಲಿ ತೀರ್ಮಾನಿಸಬೇಡಿ, ಆತುರಗಾರನಿಗೆ ಬುದ್ಧಿ ಮಟ್ಟ. ಇನ್ನು, ಕಾರು ಬರುತ್ತಿರುವಾಗ ನೀವು "ಮುಂದೆ" ಎಂದರೂ ನಡೆಯದೆ ನಿಲ್ಲುವ ಪಾಠವಿದೆಯಲ್ಲ, ಅದನ್ನು ನುರಿತ ತರಬೇತುದಾರರಿಲ್ಲದೆ ಕಲಿಸಲು ಹೋಗಲೇಬೇಡಿ.

ಹಳೆಯ ನಾಯಿಯೊಡನೆ ಹೊಸದನ್ನು ಹೋಲಿಸುತ್ತ ಕೂರುವುದು ಎಲ್ಲಕ್ಕಿಂತ ಕೆಟ್ಟ ಚಾಳಿ. 1928ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಡ್ಡಿ ಎಂಬ ನಾಯಿಯನ್ನು ಕರೆತಂದ, 'ದಿ ಸೀಯಿಂಗ್ ಐ' ಸ್ಥಾಪಕರಲ್ಲೊಬ್ಬರಾದ ಮಾರಿಸ್ ಫ್ರಾಂಕ್, ಅದರ ನಂತರ ಬಂದ ನಾಯಿಗಳಿಗೂ ಬಡ್ಡಿ ಎಂದೇ ಹೆಸರಿಟ್ಟರು. ಹೆಸರು ಅದೇ ಇರಲಿ ಬಿಡಿ, ನಾಯಿ ಅದೇ ಅಲ್ಲ. ಹಳೆಯದರ ಅಂದಿನ ತುಂಟತನ ಮರೆತು, ಪಳಗಿದ ಮೇಲಿನ ಜಾಣತನವನ್ನಷ್ಟೇ ನೆನೆದು ಹೊಸದನ್ನು ಗದರಿದರೆ ಅದಕ್ಕೆ ಅನ್ಯಾಯ.

ಹಳೆಯದು ಎಲ್ಲಿರಬೇಕು ಎಂಬುದನ್ನು ಹೊಸದು ಬರುವ ಮೊದಲೇ ಗೊತ್ತು ಮಾಡಿ. ಉಂಡ ಮನೆಗೆ ಎರಡು ಬಗೆಯದೆ ದುಡಿದ ಜೀವ ಅದು. ನಿಮ್ಮಲ್ಲೇ ಇರಲಿ, ಮರಿಯಾಗಿದ್ದಾಗ ಸಾಕಿದ ಕುಟುಂಬಕ್ಕೆ ಮರಳಲಿ, ಗೆಳೆಯರ ಮನೆ ಸೇರಲಿ. ಆದರೆ ದಿನವಿಡೀ ಒಂಟಿಯಾಗಿ ಬಿಡುವುದಾದರೆ ಇಟ್ಟುಕೊಳ್ಳಬೇಡಿ.

ಹೊಸ ಜೋಡಿ ಪಳಗಲು ಆರು ತಿಂಗಳೋ ವರ್ಷವೋ ಬೇಕು. ಅಷ್ಟರೊಳಗೆ ಹೊಸ ನಾಯಿ ಅಂಚುಕಲ್ಲಿನಲ್ಲಿ ನಿಲ್ಲದೆ ಮುಂದೆ ಹೋದರೆ, ದಾರಿಯಲ್ಲಿ ಮೂಸುತ್ತ ನಿಂತರೆ ಶಾಲೆಗೆ ಫೋನ್ ಮಾಡಿ. ಬೇಕಾದರೆ ಅವರೇ ನಿಮ್ಮ ಬೀದಿಗೆ ಬಂದು ತಿದ್ದುತ್ತಾರೆ. ಸಂಕೋಚಪಟ್ಟು ಸುಮ್ಮನಿರಬೇಡಿ.